ಬೆಕ್ಕಿನ ಗವಿಯಿಂದ ಬಂದ ಕೂಗು

ಇಂಥ ಕತೆಗಳನ್ನು ನಾನು ನಂಬುವವಳಲ್ಲ. ನಮ್ಮ ಕಡೆ ಯಾವ ಗವಿಗೆ ಹೋದರೂ ಒಳಗಿಂದ ಕಾಶಿಗೆ ದಾರಿಯಿದೆ ಅನ್ನುತ್ತಾರೆ. ಹೋಗಿ ಬಂದವರನ್ನು ಮಾತ್ರ ಯಾರೂ ಕಂಡಿಲ್ಲ. ಹಾಗಾಗಿ ನೋರಾ ತನ್ನೂರಿನ ಗವಿಯ ಕತೆ ಹೇಳಿದಾಗ ನಕ್ಕುಬಿಟ್ಟಿದ್ದೆ.

ತೊಂಬತ್ತರ ದಶಕದ ಕೊನೆ. ನೆದರ್‌ಲ್ಯಾಂಡ್ಸಿನ ಗ್ರೋನಿಂಗನ್‌ನಲ್ಲಿ ಸಂಶೋಧನೆ ಮಾಡುತ್ತಿದ್ದ ನಾನು, ಐರ್ಲೆಂಡಿನ ನೋರಾ, ಒಂದೇ ಮನೆಯಲ್ಲಿದ್ದೆವು. ಕೀ ಸಿಗದಿದ್ದರೂ, ಹಾಲು ಉಕ್ಕಿದರೂ "ಶೈಲಾ" ಎಂದು ನನ್ನನ್ನು ಮನೆ ಹಾರಿಹೋಗುವಂತೆ ಕೂಗುವುದು ಅವಳ ಅಭ್ಯಾಸ. ನನಗದು ತಲೆನೋವು. ಅವಳೂರಿನ ಹತ್ತಿರ ಬೆಕ್ಕಿನ ಗವಿ ಅಂತ ಪುರಾತನ ಗವಿಯೊಂದಿದೆಯಂತೆ. ಅಕ್ಟೋಬರ್ ಕೊನೆಯ ದಿನ ಅದರ ಬಾಯಿ ಬೇರೆ ಲೋಕಕ್ಕೆ ತೆರೆದುಕೊಂಡು, ಯುದ್ಧದೇವತೆಯೊಬ್ಬಳು ಹೊರಗೆ ಬರುತ್ತಾಳಂತೆ. ಹಿಂದೊಮ್ಮೆ ಕರುವಿನ ಬಾಲ ಹಿಡಿದಿದ್ದ ಹೆಂಗಸನ್ನು ಆ ಕರು ಒಳಕ್ಕೆ ಎಳೆದೊಯ್ದು, ಎಷ್ಟೋ ಮೈಲಿಯಾಚೆ ಇನ್ನೊಂದು ಗವಿಯಿಂದ ಹೊರತಂದಿತಂತೆ.

ಆ ವರ್ಷ ಅಕ್ಟೋಬರ್ ಕೊನೆಗೆ ನೋರಾ ಊರಿಗೆ ಹೋದಳು. ಸದ್ಯ, ಮನೆ ತಣ್ಣಗಾಯಿತು ಅಂದುಕೊಂಡೆ. ತಿಂಗಳ ಕಡೆಯ ದಿನ ಮಧ್ಯಾಹ್ನ, ಊರಾಚೆಯ ಬಯಲಿನಲ್ಲಿ ಸೈಕಲ್ ಚೈನು ಕಳಚಿತು. ಸುತ್ತ ಮಂಜು, ಕೈತುಂಬ ಗ್ರೀಸು. ಆಗ ರಸ್ತೆಯಡಿಯ ಮೋರಿಯೊಳಗಿಂದ "ಶೈಲಾ" ಎಂಬ ಕೂಗು ಬಂತು. ನೋರಾಳದೇ ದನಿ. ಯಾವಾಗಲೋ ವಾಪಸು ಬಂದು ಕಾಲುವೆಗೆ ಬಿದ್ದಿದ್ದಾಳೆ ಎಂದೇ ನನಗನ್ನಿಸಿತು. ಅವಳ ಜತೆ ಇಂಗ್ಲಿಷಿನಲ್ಲೇ ಮಾತಾಡುವವಳು, ಸಿಟ್ಟಿನ ಭರಕ್ಕೆ ಕನ್ನಡದಲ್ಲಿ ಗದರಿದೆ: "ಇದ್ದಲ್ಲೇ ಇರು ಮಾರಾಯ್ತಿ, ಅಲ್ಲಾಡಬೇಡ." ಮೋರಿಯ ಎರಡೂ ಕಡೆ ಇಳಿದು ನೋಡಿದೆ. ನೀರು ಬಿಟ್ಟರೆ ಏನೂ ಇಲ್ಲ.

ಮರುದಿನ ನೋರಾ ಊರಿಂದ ಫೋನ್ ಮಾಡಿದಳು. ದನಿ ಉಡುಗಿಹೋಗಿತ್ತು. ಹಿಂದಿನ ಮಧ್ಯಾಹ್ನ ಒಬ್ಬಳೇ ಆ ಗವಿಗೆ ಇಳಿದಿದ್ದಳಂತೆ. ಟಾರ್ಚ್ ಆರಿಹೋಯಿತಂತೆ. ಗಾಬರಿಗೆ ಅಭ್ಯಾಸಬಲದಿಂದ ನನ್ನನ್ನೇ ಕೂಗಿದಳಂತೆ. ಕತ್ತಲಲ್ಲಿ ಯಾರೋ ಬೈದ ಹಾಗೆ ಕೇಳಿಸಿ, ಎತ್ತಿದ ಕಾಲು ಹಿಂದಕ್ಕಿಟ್ಟು ನಿಂತುಬಿಟ್ಟಳಂತೆ. ಹುಡುಕಿಕೊಂಡು ಬಂದ ಅವಳಣ್ಣ ಬೆಳಕು ಬಿಟ್ಟಾಗ, ಮುಂದೆಯೇ ಆಳವಾದ ಕೊರಕಲು.

"ಶೈಲಾ, ಅಲಾಡ್ಬೇಡ ಅಂದ್ರೆ ಏನು?" ಎಂದು ಕೇಳಿದಳು. ಅರ್ಥ ಹೇಳಿದೆ.

ಇದನ್ನು ಕೇಳಿದವರೆಲ್ಲ ನನಗೆ ಬುದ್ಧಿ ಹೇಳುತ್ತಾರೆ. ಕಾಕತಾಳೀಯ ಅನ್ನುತ್ತಾರೆ ನನ್ನ ಗಂಡ, ಪ್ರತಿ ಸಲವೂ ಹೊಸದಾಗಿ ಕಂಡುಹಿಡಿದವರ ಹಾಗೆ. ಆ ಪದ ನೋರಾ ನನ್ನಿಂದಲೇ ಕಲಿತಿರಬೇಕಂತೆ. ಕಲಿತಿದ್ದರೆ ಅರ್ಥ ಯಾಕೆ ಕೇಳುತ್ತಿದ್ದಳು? ಕೇಳಿ ಕೇಳಿ ರೋಸಿಹೋಗಿದೆ. ಕಾಕತಾಳೀಯವೇ ಇರಲಿ ಬಿಡಿ. ಆದರೆ ಆ ಮೋರಿಗೆ ಬಗ್ಗಿ ನಾನು ಗದರಿದ್ದು ಯಾರನ್ನ?