ವಾಲ್ವಕ್ಕನ ಎರಡನೇ ಸಹಿ

ನೀರು ಮಂಡಳಿ ವಾಲ್ವಕ್ಕನಿಗೆ ಮೂವತ್ತೆಂಟು ತಿಂಗಳ ದಾರಿಭತ್ಯೆ ಕೊಡಬೇಕು. ಇನ್ನೂ ಕೊಟ್ಟಿಲ್ಲ. ನಡೆದು ಹೋಗುವವರಿಗೆ ಚಪ್ಪಲಿ ಭತ್ಯೆ ಇದೆ, ಮೋಟಾರ್ ಬೈಕಿನವರಿಗೆ ಪೆಟ್ರೋಲ್ ಭತ್ಯೆ ಇದೆ, ಸೈಕಲ್ಲಿಗೆ ಮಾತ್ರ ಅರ್ಜಿಯಲ್ಲಿ ಜಾಗವೇ ಇಲ್ಲವಂತೆ.

ವಾಲ್ವಕ್ಕನಿಗೆ ಐವತ್ತೊಂದು ವರ್ಷ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಬೆಟ್ಟದ ಮೇಲಿನ ಜಲಾಶಯದಿಂದ ಊರಿನ ಟ್ಯಾಂಕಿಗೆ ಹದಿನೇಳು ಕಿಲೋಮೀಟರ್ ದಪ್ಪ ಪೈಪು ಇಳಿದು ಬರುತ್ತದೆ. ಅದರ ಪಕ್ಕದಲ್ಲೇ ಹೋಗಿ, ಮೂವತ್ತೊಂದು ವಾಲ್ವ್ ಗುಂಡಿಗಳ ಬೀಗ ತೆಗೆದು, ಎಲ್ಲಿ ಸೋರುತ್ತಿದೆ ನೋಡಿ, ತಿರುಗಿಸಬೇಕಾದ್ದನ್ನು ತಿರುಗಿಸಿ ಬರುವುದು ಆಕೆಯ ಕೆಲಸ. ಆ ದಾರಿಯನ್ನು ದಾರಿ ಅಂದವರ ಬಾಯಿಗೆ ಮಣ್ಣು ಹಾಕಬೇಕು. ಮರದ ಬೇರು, ಮೊನಚು ಕಲ್ಲು, ಮಳೆನೀರು ಕೊರೆದ ಸೀಳು. ಮೋಟಾರ್ ಬೈಕ್ ಅಲ್ಲಿ ಹತ್ತುವುದಿಲ್ಲ. ಸಾದಾ ಸೈಕಲ್ಲಿನಲ್ಲಿ ಎರಡು ವರ್ಷ ಹೋಗಿ ಸೊಂಟ ಕಳೆದುಕೊಂಡಳು.

ಆಮೇಲೆ ಒಬ್ಬ ಹಲ್ಲಿನ ಡಾಕ್ಟರ ಬಾಲ್ಕನಿಯಲ್ಲಿ ಈಗಿನ ಈ ಸೈಕಲ್ ಕಣ್ಣಿಗೆ ಬಿತ್ತು. ಗುದ್ದು ನುಂಗುವ ಶಾಕ್ ಮುಂದೆಯೂ ಇದೆ, ಹಿಂದೆಯೂ ಇದೆ. ಬೆಟ್ಟದ ಕಾಲುದಾರಿಗೆಂದೇ ಹುಟ್ಟಿದ್ದು. ಡಾಕ್ಟರು ನಾಲ್ಕು ಸಲ ಓಡಿಸಿ, ಐದನೆಯ ಸಲದಿಂದ ಟವೆಲ್ ಒಣಗಿಸಲು ಬಳಸುತ್ತಿದ್ದರು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಅನ್ನುವ ಗಾದೆಗೆ ಹಲ್ಲಿನ ಡಾಕ್ಟರೇ ಸಾಕ್ಷಿಯಾದದ್ದು ಹೀಗೆ. ವಾಲ್ವಕ್ಕ ಕೈಯಲ್ಲಿದ್ದ ಎರಡು ಬಳೆ ಮಾರಿ ಅದನ್ನು ತಂದಳು.

ದೂರದ ಊರಿನಲ್ಲಿರುವ ತಂಗಿ ಫೋನಿನಲ್ಲೇ ಹಣೆ ಚಚ್ಚಿಕೊಂಡಳು. "ಅಮ್ಮನ ಬಳೆ ಮಾರಿ ಸೈಕಲ್ ತಂದ್ಯಾ? ನಿಂಗೇನು ತಲೆ ಕೆಟ್ಟಿದ್ಯಾ ಅಕ್ಕಾ?"

"ಬಳೆ ಹತ್ಕೊಂಡು ಬೆಟ್ಟಕ್ಕೆ ಹೋಗಕ್ಕಾಗುತ್ತೇನೆ?" ಎಂದಳು ವಾಲ್ವಕ್ಕ.

ಆಕೆಗಿರುವುದು ಒಂದು ಅಚ್ಚುಮನೆಯ ಮೇಲಿನ ಒಂದೇ ಕೋಣೆ. ಹಗಲಿಡೀ ಕೆಳಗಿನ ಯಂತ್ರ ಬಡಿದುಕೊಳ್ಳುತ್ತದೆ, ಸಂಜೆ ಆರಕ್ಕೆ ನಿಲ್ಲುತ್ತದೆ, ಆಮೇಲೆ ಸದ್ದು ಬೇಕೆಂದರೆ ಆಕೆಯೇ ಮಾಡಿಕೊಳ್ಳಬೇಕು. ಗಂಡ ಬಿಟ್ಟುಹೋದನೋ, ಇವಳೇ ಬಿಟ್ಟಳೋ, ಅದಕ್ಕೆ ಎರಡೂ ಮನೆಯವರ ಬಳಿ ಎರಡು ಕತೆಗಳಿವೆ, ಕೇಳುವವರು ಸತ್ತುಹೋಗಿದ್ದಾರೆ. ಸೈಕಲ್ ಮಂಚದ ಕಾಲಬುಡದಲ್ಲಿ ನಿಲ್ಲುತ್ತದೆ. ಸಂಜೆಯೆಲ್ಲ ಅದರದೇ ಚಾಕರಿ. ವಾರಕ್ಕೊಮ್ಮೆ ಚೈನು ತೊಳೆದು ಎಣ್ಣೆ. ಐವತ್ತು ಗಂಟೆ ಓಡಿದ ಮೇಲೆ ಮುಂದಿನ ಫೋರ್ಕಿನ ಕಾಲು ಕಳಚಿ, ಕಪ್ಪಾದ ಎಣ್ಣೆ ಚೆಲ್ಲಿ, ಸೀಲು ಒರೆಸಿ, ಹೊಸದು ತುಂಬುವುದು. ಹಿಂದಿನ ಕೀಲುಗಳಲ್ಲಿ ಎಂಟು ಬೇರಿಂಗುಗಳಿವೆ. ಅವು ಕಿರುಗುಟ್ಟಿದರೆ ಅಂಗಡಿಯವನು ಬೇರಿಂಗಿಗಿಂತ ಕೂಲಿಯನ್ನೇ ಜಾಸ್ತಿ ಕೇಳುತ್ತಾನೆ. ಅದಕ್ಕೇ ಉದ್ದನೆಯ ಬೋಲ್ಟಿಗೆ ಪೈಪಿನ ಹಳೆಯ ವಾಷರುಗಳನ್ನು ಪೋಣಿಸಿ, ಬೇರಿಂಗ್ ಒತ್ತಿ ಕೂರಿಸುವ ಸಾಧನವನ್ನು ತಾನೇ ಮಾಡಿಕೊಂಡಳು. ಹುಟ್ಟಾ ನೀರಿನವಳಿಗೆ ಸೀಲು, ಒತ್ತಡ, ಸೋರಿಕೆ ಯಾರು ಹೇಳಿಕೊಡಬೇಕು?

ಕೈಗೆ ನಾಲ್ಕು ಕಾಸು ಬಂದಾಗಲೆಲ್ಲ ಅದಕ್ಕೇ ಸುರಿದಳು. ಬ್ರೇಕಿನ ತಟ್ಟೆ ದೊಡ್ಡದಾಯಿತು. ಟಯರಿನೊಳಗಿನ ಟ್ಯೂಬು ಹೋಗಿ, ಮುಳ್ಳು ಚುಚ್ಚಿದರೆ ತಾನೇ ಮುಚ್ಚಿಕೊಳ್ಳುವ ಅಂಟುಹಾಲು ಬಂತು. ಕಳೆದ ವರ್ಷ, ಹ್ಯಾಂಡಲಿನ ಗುಂಡಿ ಒತ್ತಿದರೆ ಸರಕ್ಕನೆ ಕೆಳಗಿಳಿಯುವ ಸೀಟಿನ ಕಂಬ ಹಾಕಿಸಿದಳು. ಕಚೇರಿಯ ಗುಮಾಸ್ತ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. "ಏನಕ್ಕಾ ಇದು, ಸೀಟು ಒಂದ್ಸಲ ಮೇಲೆ, ಒಂದ್ಸಲ ಕೆಳಗೆ? ನಮ್ಮ ಸಾಹೇಬ್ರ ಮಾತಿದ್ದಂಗಿದೆಯಲ್ಲ!"

ಎಲ್ಲ ಕೆಲಸವನ್ನೂ ಒಬ್ಬಳೇ ಮಾಡಬಲ್ಲಳು, ಒಂದನ್ನು ಬಿಟ್ಟು. ಹಿಂದಿನ ಶಾಕಿನೊಳಗೆ ಗಾಳಿ ಇರುತ್ತದೆ. ಕೂತವರ ಭಾರಕ್ಕೆ ಅದು ಇಷ್ಟೇ ಕುಸಿಯಬೇಕು ಎಂಬ ಲೆಕ್ಕವಿದೆ. ಆಕೆಯ ಶಾಕಿಗೆ ಹದಿನೈದು ಮಿಲಿಮೀಟರು. ಕಡಿಮೆ ಕುಸಿದರೆ ಬೆನ್ನು ಮುರಿಯುತ್ತದೆ, ಹೆಚ್ಚು ಕುಸಿದರೆ ಸೈಕಲ್ಲು ತಗ್ಗಿ ಪೆಡಲು ಕಲ್ಲಿಗೆ ಬಡಿಯುತ್ತದೆ. ಅಳೆಯಬೇಕೆಂದರೆ ಸಾಮಾನಿನ ಚೀಲವನ್ನೆಲ್ಲ ಹೊತ್ತು, ಎರಡೂ ಕಾಲು ಪೆಡಲಿನ ಮೇಲಿಟ್ಟು ನೆಟ್ಟಗೆ ಕೂರಬೇಕು. ಇನ್ನೊಬ್ಬರು ಹ್ಯಾಂಡಲ್ ಹಿಡಿದಿರಬೇಕು, ಬಗ್ಗಿ ಶಾಕಿನ ಮೇಲಿನ ರಬ್ಬರ್ ಉಂಗುರವನ್ನು ಸರಿಸಬೇಕು. ಆಕೆ ಮೆಲ್ಲಗೆ ಇಳಿದ ಮೇಲೆ ಉಂಗುರ ಎಲ್ಲಿ ನಿಂತಿದೆಯೋ ಅದೇ ಲೆಕ್ಕ.

ಹಿಡಿಯುತ್ತಿದ್ದವನು ಕಿವಿಯಣ್ಣ. ಲೈನಿಗೆ ಇಬ್ಬರು ಹೋಗಬೇಕೆಂದು ಮಂಡಳಿಯ ನಿಯಮವಿತ್ತು. ಹದಿಮೂರು ವರ್ಷ ಆಕೆಯ ಜೊತೆಯಾಳು ಅವನೇ. ಕಬ್ಬಿಣದ ಸರಳಿನ ಒಂದು ತುದಿಯನ್ನು ಪೈಪಿಗೂ ಇನ್ನೊಂದನ್ನು ಕಿವಿಗೂ ಒತ್ತಿ, ಮಣ್ಣೊಳಗಿನ ಸೋರಿಕೆಯನ್ನು ಕೇಳಿ ಹೇಳುತ್ತಿದ್ದ. ಅದಕ್ಕೇ ಆ ಹೆಸರು. ಅವನದು ಹಳೇ ಸೈಕಲ್ಲು. ಹತ್ತುವುದಕ್ಕಿಂತ ತಳ್ಳುವುದೇ ಜಾಸ್ತಿ.

"ಉಸಿರು ಬಿಗಿ ಹಿಡೀಬೇಡವ್ವಾ, ಹಗುರಾಗಲ್ಲ," ಎಂದು ಹ್ಯಾಂಡಲ್ ಹಿಡಿದು ರೇಗಿಸುತ್ತಿದ್ದ. "ಹದಿನೇಳು ತೋರಿಸ್ತಿದೆ. ಏನು ತಿಂದೆ?"

"ಮಂಡಳಿಯೋರು ಕೊಟ್ಟ ಭರವಸೆ ತಿಂದೆ ಅಣ್ಣಾ. ಗಾಳಿ ಹೊಡಿ."

ಅವನು ನಿವೃತ್ತನಾಗಿ ಮಗಳ ಊರಿಗೆ ಹೋದ. ಅವನ ಹುದ್ದೆಯೂ ಅವನ ಜೊತೆಗೇ ನಿವೃತ್ತವಾಯಿತು. ಮೊದಲು ಭಾನುವಾರಕ್ಕೊಂದು ಫೋನು ಬರುತ್ತಿತ್ತು, ಆಮೇಲೆ ತಿಂಗಳಿಗೊಂದು. ಆಮೇಲೆ ಇವಳೇ ಮಾಡುತ್ತಿದ್ದಳು. ಅವನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ.

ಒಬ್ಬಳೇ ಹೊರಟ ಮೊದಲ ದಿನ ಗುಮಾಸ್ತ ಹಾಜರಿ ಪುಸ್ತಕ ತಿರುಗಿಸಿ ಮುಂದಿಟ್ಟ. ಅದರಲ್ಲಿ ಎರಡು ಕಾಲಂ: ಮೊದಲ ನೌಕರರ ಸಹಿ, ಎರಡನೇ ನೌಕರರ ಸಹಿ.

"ಎರಡೂ ಕಡೆ ಇದ್ರೇನೇ ಬೀಗದ ಕೈ ಕೊಡೋದಕ್ಕ. ರೂಲ್ಸು."

"ಇನ್ನೊಬ್ರು ಎಲ್ಲಿದಾರಪ್ಪಾ?"

"ಬರ್ತಾರೆ, ಆರ್ಡರ್ ಆಗ್ಬೇಕು. ಅಲ್ಲೀವರ್ಗೂ ಏನಾದ್ರೂ ಗೀಚಿಬಿಡಿ. ನೀರು ನಿಲ್ಲಕ್ಕಾಗುತ್ತಾ?"

ನೀರು ನಿಲ್ಲಬಾರದಲ್ಲ! ವಾಲ್ವಕ್ಕ ಎಡಗೈಯಲ್ಲಿ ಕಿವಿಯಣ್ಣನ ಕೋಳಿಕಾಲಿನ ಸಹಿಯನ್ನು ಗೀಚಿದಳು. ಮರುದಿನವೂ ಗೀಚಿದಳು. ಆರ್ಡರು ಬರಲಿಲ್ಲ, ಗೀಚುವುದು ನಿಲ್ಲಲಿಲ್ಲ. ಮೂರು ವರ್ಷ ದಾಟುವಷ್ಟರಲ್ಲಿ ಎಡಗೈ ಎಷ್ಟು ಪಳಗಿತೆಂದರೆ ಅವನಿಗಿಂತ ಚೆನ್ನಾಗಿ ಅವನ ಸಹಿ ಹಾಕುತ್ತಿತ್ತು. ನಿಜ ಹೇಳಬೇಕೆಂದರೆ ಅದು ಆಕೆಗೆ ಇಷ್ಟವೂ ಆಗಿತ್ತು. ದಿನದಲ್ಲಿ ಅದೊಂದು ಗಳಿಗೆ ಇಬ್ಬರು ಹೊರಟಂತೆ ಅನ್ನಿಸುತ್ತಿತ್ತು. ಸಂಜೆ ಷರಾ ಕಾಲಮಿನಲ್ಲಿ "ಇಬ್ಬರೂ ಕ್ಷೇಮ" ಎಂದು ಬರೆದು ಮನೆಗೆ ಹೋಗುತ್ತಿದ್ದಳು.

ಸೈಕಲ್ ಹಿಡಿಯಲು ಮಾತ್ರ ಎಡಗೈ ಸಾಲದು. ಕಿವಿಯಣ್ಣ ಕೊನೆಗೆ ಅಳೆದಿಟ್ಟ ಗಾಳಿಯನ್ನೇ ಪಂಪಿನ ಮುಳ್ಳು ನೋಡಿ ಅಷ್ಟು ವರ್ಷ ಕಾಯ್ದುಕೊಂಡಿದ್ದಳು, ಈಗ ಶಾಕಿನ ಸೀಲು ಬದಲಿಸಿದ್ದರಿಂದ ಹೊಸದಾಗಿ ಅಳೆಯಲೇಬೇಕಾಯಿತು. ಕೆಳಗಿನ ಅಚ್ಚುಮನೆಯವನನ್ನು ಕರೆಯೋಣವೆಂದು ಎರಡು ಸಲ ಮೆಟ್ಟಿಲಿಳಿದಳು. "ಸ್ವಲ್ಪ ಬಂದು ನನ್ನ ಸೈಕಲ್ ಹಿಡ್ಕೊಳ್ಳಿ" ಅನ್ನುವ ಒಂದು ಮಾತು ಬಾಯಿಗೆ ಬರಲಿಲ್ಲ. ಇಡೀ ಊರಿಗೆ ನೀರು ಬಿಡುವವಳು ಅಷ್ಟು ಕೇಳಲು ನಾಚಿ ವಾಪಸು ಹತ್ತಿದಳು. ಕೋಣೆಯ ಗೋಡೆಗೆ ಮೊಣಕೈ ಊರಿ, ತಾನೇ ಕೂತು, ತಾನೇ ಬಗ್ಗಿ ಉಂಗುರ ಸರಿಸಿದಳು. ಹನ್ನೊಂದು ತೋರಿಸಿತು. ಗಾಳಿ ಬಿಟ್ಟಳು. ಹದಿಮೂರು. ಇನ್ನಷ್ಟು ಬಿಟ್ಟಳು. ಹದಿನೈದಾದಾಗ ಪಂಪು ಒಳಗಿಟ್ಟಳು. ಊರಿದ ಮೊಣಕೈಯಿಂದಾಗಿ ಆಕೆಯ ಭಾರದಲ್ಲಿ ಗೋಡೆಯೂ ಪಾಲು ತಗೊಂಡಿತ್ತೆಂದು ಹೊಳೆಯಲಿಲ್ಲ.

ಬೆಟ್ಟದಲ್ಲಿ ಗೋಡೆ ಇಲ್ಲ. ಎರಡು ದಿನದ ಮೇಲೆ, ಬೆಳಿಗ್ಗೆ ಹತ್ತರ ಹೊತ್ತಿಗೆ, ಇಪ್ಪತ್ತೆರಡನೇ ಗುಂಡಿಯ ಕೆಳಗಿನ ಕಲ್ಲಿಳಿಜಾರಿನಲ್ಲಿ ಶಾಕು ಪೂರ್ತಿ ಕುಸಿದು ಬುಡ ಮುಟ್ಟಿತು, ಪೆಡಲು ಕಲ್ಲಿಗೆ ಬಡಿಯಿತು, ವಾಲ್ವಕ್ಕ ಹ್ಯಾಂಡಲಿನ ಮೇಲಿಂದ ಹಾರಿ ಬಿದ್ದಳು. ಬಲಗಾಲಿನ ಹರಡು ಒಣಕಡ್ಡಿಯಂತೆ ಲಟಕ್ಕೆಂದಿತು.

ಫೋನಿಗೆ ಸಿಗ್ನಲ್ ಇರಲಿಲ್ಲ. ಕೂಗಿದಳು. ಕೂಗಿದ್ದು ಎದುರು ಬೆಟ್ಟಕ್ಕೆ ತಾಗಿ ಬಂತು, ಅಷ್ಟೇ. ಕಚೇರಿಯವರಾದರೂ ಹುಡುಕಿ ಬಂದಾರು ಎಂದುಕೊಂಡಳು. ಮಧ್ಯಾಹ್ನ ದಾಟಿತು, ಡಬ್ಬಿಯ ಊಟಕ್ಕೆ ಇರುವೆ ಮುತ್ತಿತು, ಆಗ ತಿಳಿಯಿತು: ಯಾರೂ ಬರುವುದಿಲ್ಲ. ಪುಸ್ತಕದ ಪ್ರಕಾರ ಆಕೆ ಒಬ್ಬಳೇ ಇಲ್ಲವಲ್ಲ! ಒಬ್ಬರು ಬಿದ್ದರೆ ಇನ್ನೊಬ್ಬರು ಬಂದು ಹೇಳುತ್ತಾರೆ. ಪೈಪಿಗೆ ಒರಗಿದ್ದ ಕಿವಿಗೆ ನೀರು ಹರಿಯುವುದು ಕೇಳುತ್ತಿತ್ತು, ಊರಿನ ಕಡೆಗೆ, ಯಾವ ಚಿಂತೆಯೂ ಇಲ್ಲದೆ.

ಕೊನೆಗೆ ಸೈಕಲ್ಲನ್ನೇ ಎಳೆದುಕೊಂಡಳು. ಗುಂಡಿ ಒತ್ತಿ ಸೀಟನ್ನು ಪೂರ್ತಿ ಕೆಳಗಿಳಿಸಿ, ಮೇಲೆ ಕೂತು, ಎಡಗಾಲಿನಲ್ಲಿ ನೆಲ ಒದೆಯುತ್ತ, ಎರಡೂ ಬ್ರೇಕು ಹಿಡಿದು ಒಂಬತ್ತು ಕಿಲೋಮೀಟರ್ ಇಳಿದಳು. ಮಂಡಳಿಯ ಗೇಟು ತಲುಪಿದಾಗ ನಾಲ್ಕು ಗಂಟೆ. ಸೀಟು ನೋಡಿ ನಕ್ಕಿದ್ದ ಗುಮಾಸ್ತನೇ ಆಕೆಯನ್ನು ಎತ್ತಿ ಆಟೋಗೆ ಹಾಕಿದ.

ಕಾಲಿಗೆ ಪಟ್ಟಿ ಬಿದ್ದ ಮೇಲೆ, ಕಂಕುಳಿಗೆ ಕೋಲು ಕೊಟ್ಟುಕೊಂಡು ಸಾಹೇಬರ ಮುಂದೆ ನಿಂತಳು. "ಇನ್ನೊಬ್ರನ್ನ ಕೊಡಿ ಸಾರ್. ಇದು ಇಬ್ರ ಕೆಲಸ."

ಸಾಹೇಬರು ಪುಸ್ತಕ ತೆರೆದರು. "ಇಬ್ರೂ ಹೋಗಿದ್ರಲ್ಲಮ್ಮಾ. ಸಹಿ ಇದೆ."

"ಅದು ನಾನೇ ಹಾಕಿದ್ದು."

"ಹಾಗನ್ಬೇಡಿ. ಹಾಗಂದ್ರೆ ಕಳ್ಳ ಸಹಿ ಆಗುತ್ತೆ. ಎನ್‌ಕ್ವೈರಿ ಆಗುತ್ತೆ, ಕೆಲ್ಸ ಹೋಗುತ್ತೆ." ಅವರ ದನಿ ಬೆಣ್ಣೆಯಾಯಿತು. "ಮನೇಲಿ ಜಾರಿ ಬಿದ್ದೆ ಅಂತ ಬರ್ಕೊಡಿ. ಆರು ವಾರ ರಜೆ ತಗೊಳ್ಳಿ. ಆಮೇಲೆ ಹೇಗೆ ನಡೀತಿತ್ತೋ ಹಾಗೇ ನಡೀಲಿ. ನಿಮ್ಗೂ ಒಳ್ಳೇದು, ನಮ್ಗೂ ಒಳ್ಳೇದು."

ಆಕೆ ಏನೂ ಬರೆದುಕೊಡಲಿಲ್ಲ. ಆರು ವಾರ ಕೋಣೆಯಲ್ಲಿ ಮಲಗಿ, ಮಂಚದ ಕಾಲಬುಡದ ಸೈಕಲ್ಲನ್ನು ನೋಡಿದಳು. ತಂಗಿ ಒಮ್ಮೆ ಬಂದು ಮೂರು ದಿನ ಇದ್ದು, ಬೈದು, ಬಟ್ಟೆ ಒಗೆದು ಹೋದಳು. ಮಂಡಳಿ ಒಬ್ಬ ಗುತ್ತಿಗೆಯವನನ್ನು ಲೈನಿಗೆ ಕಳಿಸಿತು. ಅವನು ಐದನೇ ಗುಂಡಿಯಿಂದ ಹಿಂದಿರುಗಿ ಮತ್ತೆ ಮುಖ ತೋರಿಸಲಿಲ್ಲ.

ಕೆಲಸಕ್ಕೆ ಬಂದ ದಿನ ಮೊದಲ ಕಾಲಮಿನಲ್ಲಿ ಸಹಿ ಹಾಕಿದಳು. ಎರಡನೆಯದರಲ್ಲಿ, ಬಲಗೈಯಲ್ಲೇ, ದಪ್ಪ ಅಕ್ಷರದಲ್ಲಿ ಬರೆದಳು: "ಇಲ್ಲಿ ಯಾರೂ ಇಲ್ಲ. ಇದುವರೆಗೆ ಹಾಕಿದವಳು ನಾನೇ."

ಗುಮಾಸ್ತನ ಮುಖ ಸುಣ್ಣವಾಯಿತು. "ಅಯ್ಯೋ ಅಕ್ಕಾ, ಇದನ್ನ ಹೊಡೆದು ಹಾಕಕ್ಕೂ ಆಗಲ್ಲ. ಬೀಗದ ಕೈ ಹೆಂಗೆ ಕೊಡ್ಲಿ?"

"ಕೊಡ್ಬೇಡ. ಇಬ್ರು ಆದಾಗ ಕೊಡು."

ಅಂದಿನಿಂದ ಕಚೇರಿಯ ವರಾಂಡದ ಬೆಂಚಿನಲ್ಲಿ ಕೂತಿದ್ದಾಳೆ. ಬೆಳಿಗ್ಗೆ ಎಂಟಕ್ಕೆ ಬರುತ್ತಾಳೆ, ಐದಕ್ಕೆ ಹೋಗುತ್ತಾಳೆ. ಹನ್ನೊಂದು ದಿನವಾಯಿತು. ಎರಡನೇ ದಿನವೇ ಕಳ್ಳ ಸಹಿಗೆ ಕಾರಣ ಕೇಳಿ ನೋಟೀಸು ಬಂತು. ಒಳಗೆ ಹೋಗಿ ಬರುವವರು ಆಕೆಯನ್ನು ನೋಡದಂತೆ ನಡೆಯಲು ಕಲಿತುಕೊಂಡಿದ್ದಾರೆ.

ನಾಲ್ಕನೇ ದಿನ ಊಟದ ವೇಳೆಯಲ್ಲಿ ಗುಮಾಸ್ತ ಹೊರಗೆ ಬಂದು ಬೆಂಚಿನ ಪಕ್ಕ ನಿಂತ. ವಾಲ್ವಕ್ಕ ಆ ಕಡೆ ಈ ಕಡೆ ನೋಡಿದಳು. "ಒಂದು ನಿಮಿಷ ಈ ಸೈಕಲ್ ಹಿಡ್ಕೊಳ್ತೀಯೇನಪ್ಪಾ?"

ಅವನು ಹಿಡಿದ. ಆಕೆ ಚೀಲ ಹೊತ್ತು ಕೂತಳು. "ಅಯ್ಯಯ್ಯೋ, ಕುಸೀತಿದೆಯಲ್ಲಕ್ಕಾ!"

"ಕುಸೀಬೇಕು ಕಣೋ. ಅದು ಕುಸೀದಿದ್ರೆ ನನ್ನ ಬೆನ್ನು ಕುಸಿಯುತ್ತೆ. ಆ ಉಂಗುರ ಮೇಲಕ್ಕೆ ಸರಿಸು. ಹ್ಞಾಂ. ನಾನು ಇಳೀತೀನಿ, ಈಗ ಎಷ್ಟಿದೆ ನೋಡು."

ಅವನು ಅಳೆದ. ಇಪ್ಪತ್ತೊಂದು. ಗೋಡೆ ಹೇಳಿದ ಸುಳ್ಳು ಆಕೆಗೆ ತಿಳಿದದ್ದು ಆಗ. ಗಾಳಿ ಹೊಡೆದು, ಕೂತು, ಇಳಿದು, ಮತ್ತೆ ಕೂತು, ಹದಿನೈದಕ್ಕೆ ತಂದರು. ಆಮೇಲೆ ಅವನು ಕೈ ಒರೆಸಿಕೊಂಡು ಮೆಲ್ಲಗೆ ಹೇಳಿದ: "ಸೈಕಲ್ ಬೇಕಾದ್ರೆ ದಿನಾ ಹಿಡೀತೀನಕ್ಕಾ. ಸಾಕ್ಷಿ ಹೇಳು ಅಂತ ಮಾತ್ರ ಕೇಳ್ಬೇಡಿ. ನಂಗೂ ಇಬ್ರು ಮಕ್ಳು." ಒಳಗೆ ಹೋಗಿ ಕೂತ. ಮಾರನೆಯ ದಿನ ಅವನು ಹೊರಗೆ ಬರಲಿಲ್ಲ.

ಸೋಮವಾರ ಹತ್ತೂವರೆಗೆ ವಿಚಾರಣೆ. ಕಳ್ಳ ಸಹಿ ಹಾಕಿದ್ದಕ್ಕೆ ಆಕೆಯನ್ನು ಕೆಲಸದಿಂದ ತೆಗೆಯುವುದೋ ಬಿಡುವುದೋ ಅಂದು ತೀರ್ಮಾನವಾಗುತ್ತದೆ. ಹಾಕಿಸಿದವರೇ ವಿಚಾರಣೆ ಮಾಡುತ್ತಾರೆ. ಈ ಹನ್ನೊಂದು ದಿನ ಮೂವತ್ತೊಂದು ಗುಂಡಿಗಳ ಮುಚ್ಚಳವನ್ನು ಯಾರೂ ಎತ್ತಿಲ್ಲ. ನಿಮ್ಮ ಮನೆಯ ನಲ್ಲಿಯಲ್ಲಿ ಬರುತ್ತಿರುವುದು ಆ ನೀರೇ. ಇಲ್ಲಿಯವರೆಗೆ ಓದಿದ್ದೀರಿ, ಅಯ್ಯೋ ಪಾಪ ಅಂದಿರಬಹುದು. ಆ ಪಾಪ ನಿಮ್ಮ ಹತ್ತಿರವೇ ಇರಲಿ, ಆಕೆಗೆ ಬೇಡ. ಸೋಮವಾರ ಹತ್ತಕ್ಕೆ ಮಂಡಳಿಯ ವರಾಂಡಕ್ಕೆ ಬನ್ನಿ. ಆಕೆಯನ್ನು ಕೆಲಸದಲ್ಲಿ ಉಳಿಸಿ, ಲೈನಿಗೆ ಇಬ್ಬರನ್ನು ಕಳಿಸಿ ಎಂದು ಸಾಹೇಬರ ಮುಖಕ್ಕೆ ನೇರವಾಗಿ ಹೇಳಿ. ಬರುತ್ತೀರೋ ಇಲ್ಲವೋ?