ತಟ್ಟೆ ಇಟ್ಟು ಎಳೆದ ವೃತ್ತ

ಮಲೇಷ್ಯಾದ ಪೆಟಾಲಿಂಗ್ ಜಯಾದ ಕೈಗವಸು ಕಾರ್ಖಾನೆಯಲ್ಲಿ ನಾನೂ ನನ್ನ ಅಣ್ಣನೂ ಒಟ್ಟಿಗೆ ದುಡಿಯುತ್ತಿದ್ದೆವು. ಸಾಂಬಾರಿಗೆ ಉಪ್ಪು ಕಡಿಮೆಯಾದರೂ ಅವನು ಮಾಸ್ಕನ್ನು ಗದ್ದಕ್ಕಿಳಿಸಿ, "ಎಲ್ಲಾ ಸೇರಿ ಕೇಳೋಣ" ಎನ್ನುತ್ತಿದ್ದ. ಕೊರೊನಾ ಹರಡುತ್ತಿದ್ದಾಗಲೂ ಹಾಸ್ಟೆಲಿನಲ್ಲಿ ಕೋಣೆಗೆ ಇಪ್ಪತ್ತು ಜನ ಮಲಗುತ್ತಿದ್ದೆವು. ಅಮೆರಿಕದ ನರ್ಸುಗಳ ಸಂಘಕ್ಕೆ ದೂರು ಬರೆಯೋಣ ಎಂದ.

"ನರ್ಸಮ್ಮಂದಿರು ಏನ್ ಮಾಡ್ತಾರೋ?" ಎಂದು ನಕ್ಕೆ.

"ನಮ್ಮ ಗ್ಲೌಸ್ ಹಾಕ್ಕೊಳ್ಳೋರು ಅವರೇ ತಾನೆ? ಅಲ್ಲಿ ಓಟು ಬೇಕಾದೋರು ಸಂಘದ ಮಾತು ಕೇಳ್ತಾರೆ ಕಣೋ."

ಮೊದಲು ಸಹಿ ಹಾಕಿದವರು ಯಾರೆಂದು ತಿಳಿಯದಿರಲಿ ಎಂದು ಕಾಗದದ ಮೇಲೆ ಊಟದ ತಟ್ಟೆ ಕವುಚಿ ವೃತ್ತ ಎಳೆದ. ಅದರ ಸುತ್ತ ಅವನಿಂದ ಶುರುವಾಗಿ ನನ್ನೊಬ್ಬನನ್ನು ಬಿಟ್ಟು ಎಲ್ಲರೂ ಸಹಿ ಹಾಕಿದರು. ವೃತ್ತ ಮುಚ್ಚಲು ಅವನ ಹೆಸರಿನ ಪಕ್ಕ ನನಗೊಂದೇ ಜಾಗ ಉಳಿದಿತ್ತು. ಕೆಲಸ ಹೋದೀತೆಂದು ಹೆದರಿ, ಜ್ವರ ಎಂದೆ. ಆ ಸುಳ್ಳಿಗೆ ನನಗೊಬ್ಬನಿಗೇ ಹದಿನಾಲ್ಕು ದಿನ ಒಂದು ಕೋಣೆ ಸಿಕ್ಕಿತು. ಅಂಥ ಸುಖ ಹಾಸ್ಟೆಲಿನಲ್ಲಿ ಯಾರೂ ಕಂಡಿರಲಿಲ್ಲ.

ಕಾಗದ ಅಷ್ಟರಲ್ಲಿ ಆ ಜಾಗ ಖಾಲಿ ಇದ್ದ ಹಾಗೆಯೇ ಹೋಗಿತ್ತು. ಸಂಘ ತನ್ನ ಜನಪ್ರತಿನಿಧಿಯನ್ನು ಹಿಡಿಯಿತು; ಆತ ಗ್ಲೌಸ್ ಕೊಳ್ಳುವವರನ್ನು ಹಿಡಿದ; ಅವರು ಕಾಗದದ ನಕಲನ್ನೇ ನಮ್ಮ ಮ್ಯಾನೇಜರಿಗೆ ಕಳಿಸಿ ಉತ್ತರ ಕೇಳಿದರು. ಕೋಣೆಗೆ ಆರೇ ಜನ ಎಂದು ಆದೇಶವಾಯಿತು. ಆದರೆ ಮ್ಯಾನೇಜರ್ ಖಾಲಿ ಜಾಗದ ಮೇಲೆ ಬೆರಳಿಟ್ಟು, ಪಕ್ಕದ ಅಣ್ಣನ ಹೆಸರು ಓದಿ, "ಶುರು ಇಲ್ಲಿಂದ ಲಾ" ಎಂದು ಮಲೇಷ್ಯಾದವರ ರಾಗದಲ್ಲಿ ಹೇಳಿದರು.

ಅಣ್ಣನನ್ನು ಊರಿಗೆ ಕಳಿಸಿದರು. ಪೆಟ್ಟಿಗೆ ಕಟ್ಟುತ್ತಾ, "ಸದ್ಯ, ನಿನ್ ಹೆಸರಿರಲಿಲ್ಲವಲ್ಲೋ" ಎಂದು ಸಮಾಧಾನಪಟ್ಟುಕೊಂಡ. ಜ್ವರ ಸುಳ್ಳೆಂದು ಅವನಿಗೆ ಗೊತ್ತಿರಲಿಲ್ಲ; ನಾನು ಪೆಟ್ಟಿಗೆಗೆ ಹಗ್ಗ ಬಿಗಿದುಕೊಟ್ಟೆ. ಅವನು ಗಳಿಸಿಕೊಟ್ಟ ಆರು ಜನರ ಕೋಣೆಯಲ್ಲಿ ಕಿಟಕಿ ಪಕ್ಕದ ಮಂಚವನ್ನು ಮಾತ್ರ ಎಲ್ಲರಿಗಿಂತ ಮೊದಲು ಹೋಗಿ ಹಿಡಿದೆ.