ಒಂದೂವರೆ ಗಂಟೆ ತಡವಾಗಿ ಹೆಕ್ಕಿದ ನೊಣಗಳು

ಎರಡು ವರ್ಷ ನಾನು ಹಣ್ಣಿನ ನೊಣ ಸಾಕಿದವಳು. ಅಲ್ಲಾಳಸಂದ್ರದ ನಮ್ಮ ಮನೆ ಓನರ್ ಆಂಟಿಗೆ ಇದು ಕೊನೆಗೂ ತಲೆಗೆ ಹೋಗಲಿಲ್ಲ. "ನಮ್ಮ್ ಅಡುಗೆಮನೇಲೇ ಬೇಕಾದಷ್ಟಿವೆ, ಹಿಡ್ಕೊಂಡ್ ಹೋಗಮ್ಮಾ" ಎನ್ನುತ್ತಿದ್ದರು. ನನ್ನ ನೊಣಗಳಲ್ಲಿ ಒಂದು ಜೀನ್ ಕೆಟ್ಟಿತ್ತು. ನರ ಸ್ನಾಯುವಿಗೆ ತಾಗುವ ಕಡೆ ಸಣ್ಣ ಸಣ್ಣ ಗಂಟುಗಳಿರುತ್ತವೆ. ಆ ಜೀನ್ ಕೆಟ್ಟರೆ ಅವು ಲಂಗುಲಗಾಮಿಲ್ಲದೆ ಹುಟ್ಟುತ್ತವೆ. ಒಳ್ಳೆಯ ಜೀನ್ ಸೇರಿಸಿದಾಗ ಗಂಟುಗಳು ಹತೋಟಿಗೆ ಬಂದರೆ ಮಾತ್ರ, ಇದೆಲ್ಲ ಆ ಜೀನಿನದೇ ಕೆಲಸ ಎಂಬ ನನ್ನ ಮಾತು ನಿಜ, ಪಿಎಚ್‌ಡಿಯೂ ನಿಜ.

ಅದಕ್ಕಾಗಿ ಕೆಟ್ಟ ಜೀನಿನ ಹೆಣ್ಣುಗಳನ್ನು ಒಳ್ಳೆಯ ಜೀನ್ ಹೊತ್ತ ಗಂಡುಗಳ ಜೊತೆ ಬಿಡಬೇಕು. ಹೆಣ್ಣು ಅದಕ್ಕೂ ಮೊದಲು ಕೂಡಿರಬಾರದು. ಬೆಳಿಗ್ಗೆ ಶೀಶೆಯಿಂದ ನೊಣಗಳನ್ನೆಲ್ಲ ತೆಗೆದು, ಆಮೇಲೆ ಪ್ಯೂಪಾ ಕೋಶ ಒಡೆದು ಹೊರಬಂದ ಹೆಣ್ಣುಗಳನ್ನು ಎಂಟು ಗಂಟೆಯೊಳಗೆ ಹೆಕ್ಕಬೇಕು. ತಡವಾದರೆ ಒಡಹುಟ್ಟಿದ ಗಂಡುಗಳೇ ಕೆಲಸ ಮುಗಿಸಿರುತ್ತವೆ, ಹುಟ್ಟುವ ಮರಿಗಳಿಗೆ ಒಳ್ಳೆಯ ಜೀನ್ ಸಿಗುವುದಿಲ್ಲ.

ಆ ಭಾನುವಾರ ಎಂಟಕ್ಕೆ ಶೀಶೆ ಖಾಲಿ ಮಾಡಿ, ಪಕ್ಕದ ಕೋಗಿಲು ಬಡಾವಣೆಯಲ್ಲಿ ಆಂಟಿಯ ಮೊಮ್ಮಗುವಿನ ನಾಮಕರಣಕ್ಕೆ ಹೋದೆ. "ಊಟ ಮಾಡ್ದೆ ಹೊರಟ್ರೆ ನಂಗೆ ಬೇಜಾರಾಗತ್ತೆ ಕಣಮ್ಮಾ" ಎಂದರು. ಕೊನೆಯ ಪಂಕ್ತಿಯಲ್ಲಿ ಜಾಗ ಸಿಕ್ಕಿತು. ಲ್ಯಾಬಿಗೆ ಬಂದಾಗ ಐದೂವರೆ. ಎಲ್ಲ ಎಸೆದು ಮರುದಿನ ಹೊಸದಾಗಿ ಶುರು ಮಾಡಬೇಕಿತ್ತು. ಹೆಣ್ಣುಗಳ ಮೈ ಇನ್ನೂ ಬೆಳ್ಳಗೇ ಇದೆ, ಈಗಷ್ಟೇ ಹೊರಬಂದಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಹೆಕ್ಕಿ ಗಂಡುಗಳ ಜೊತೆ ಬಿಟ್ಟೆ.

ಅವುಗಳ ಮರಿಹುಳುಗಳನ್ನು ಸೀಳಿ, ಬಣ್ಣ ಹಾಕಿ, ತಿಂಗಳಿಡೀ ಮೈಕ್ರೋಸ್ಕೋಪಿನಲ್ಲಿ ಗಂಟು ಎಣಿಸಿದೆ. ಅರ್ಧಕ್ಕರ್ಧ ಹುಳುಗಳಲ್ಲಿ ಅವು ಮೊದಲಿನಷ್ಟೇ ಇದ್ದವು. ಮೈಯೆಲ್ಲ ಉರಿದುಹೋಯಿತು. ಬಣ್ಣಕ್ಕೆ ಬೈದೆ, ಕರೆಂಟಿಗೆ ಬೈದೆ, ನೊಣಕ್ಕೂ ಬೈದೆ.

ಲೆಕ್ಕ ನೋಡಿ ಗೈಡ್ ಮೇಡಂ, "ಈ ಜೀನ್ ಅಲ್ಲ ಬಿಡು. ಸ್ಟಾಕ್ ಕ್ಲಿಯರ್ ಮಾಡು, ಬೇರೆ ಶುರು ಮಾಡೋಣ" ಎಂದರು. ಆ ಕ್ಷಣವೇ ನನಗೆ ಭಾನುವಾರ ನೆನಪಾಯಿತು. ಆ ಕೆಟ್ಟ ಜೀನಿನ ತಳಿ ನಮ್ಮ ಲ್ಯಾಬಿನಲ್ಲೇ ಹುಟ್ಟಿದ್ದು, ಬೇರೆಲ್ಲೂ ಇಲ್ಲ. ಎಸೆಯಲು ಕೈ ಬರಲಿಲ್ಲ, ತಪ್ಪು ಒಪ್ಪಿಕೊಳ್ಳಲು ಮುಖವೂ ಇರಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ನಾಲ್ಕು ದಿನ ಕಳೆದೆ. ನನ್ನ ಹೇಡಿತನ ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಐದನೆಯ ದಿನ ಅವರ ಕೋಣೆಗೆ ಹೋಗಿ ನಿಂತೆ. ಗಾಬರಿಯಲ್ಲಿ ನಮ್ಮ ಧಾರವಾಡದ ಮಾತೇ ಬಂತು. "ಮೇಡಂ, ಜೀನ್ ತಪ್ಪಿಲ್ಲರಿ. ಹೆಣ್ಣು ನಾನ ತಡಾ ಮಾಡಿ ಹೆಕ್ಕೀನ್ರಿ. ಇನ್ನೊಮ್ಮೆ ಮಾಡ್ತೀನ್ರಿ."

ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿನ್ನೆ ಸಂಜೆ ನಾನೇ ಸ್ಟಾಕ್ ಎಲ್ಲಾ ಕ್ಲಿಯರ್ ಮಾಡ್ಬಿಟ್ಟೆ ಕಣೇ" ಎಂದರು. "ಪಾಪ, ನಿಂಗೆ ಎಸೆಯೋಕೆ ಮನಸ್ಸು ಬರ್ತಿಲ್ವೇನೋ ಅನ್ಕೊಂಡೆ."